ಮೂರನೆಯ ಕೈ

ಒಂದು ತೂತುಪಟ್ಟಿಗೆ ಇನ್ನೊಂದು ತೂತುಪಟ್ಟಿಯನ್ನು ನಟ್ಟು-ಬೋಲ್ಟು ಹಾಕಿ ಕೂಡಿಸಲು ಎಷ್ಟು ಕೈ ಬೇಕು? ಎರಡು ಸಾಕು ಅನ್ನುವವರು ಯಾವತ್ತೂ ಪಾನಾ, ಅಂದರೆ ಸ್ಪ್ಯಾನರು, ಹಿಡಿದವರಲ್ಲ. ಬೋಲ್ಟು ತಿರುಗಿಸಲು ಒಂದು ಕೈ, ಹಿಂದುಗಡೆ ನಟ್ಟು ಸುತ್ತದಂತೆ ಹಿಡಿಯಲು ಒಂದು ಕೈ, ಎರಡೂ ಪಟ್ಟಿಗಳ ತೂತು ಒಂದರ ಮೇಲೊಂದು ಕೂತು ಕದಲದಂತೆ ಒತ್ತಿ ಹಿಡಿಯಲು ಮತ್ತೊಂದು ಕೈ. ದೇವರು ಮನುಷ್ಯನಿಗೆ ಎರಡನ್ನು ಕೊಟ್ಟು ಮೂರನೆಯದನ್ನು ಪಕ್ಕದವರ ಹತ್ತಿರ ಇಟ್ಟ. ನನ್ನ ನೌಕರಿಯ ಕಟ್ಟಕಡೆಯ ಜಗಳ ನಡೆದದ್ದು ಈ ಮೂರನೆಯ ಕೈಯ ಬಗ್ಗೆ.

ನಾನು ಇಂದುಮತಿ ನೂಲ್ವಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ, ಮಕ್ಕಳು ಕಟ್ಟಿ ಕಲಿಯುವ ರೋಬೋ ಕಿಟ್‌ಗಳಿಗೆ ಬಿಡಿಭಾಗ ಆರಿಸುವುದು ನನ್ನ ಕೆಲಸ. ಮೋಟಾರು, ಮಿದುಳು, ಕಣ್ಣು ಇವೆಲ್ಲ ಬೇರೆಯವರ ಪಾಲು. ನನ್ನದು ಎಲುಬು. ಪಟ್ಟಿ, ಮೂಲೆತುಂಡು, ಗಾಲಿಕಡ್ಡಿ, ನಟ್ಟು, ಬೋಲ್ಟು. ಯಾವುದು ಭಾರಕ್ಕೆ ಬಾಗುತ್ತದೆ, ಯಾವುದರ ಅಂಚು ಮಗುವಿನ ಬೆರಳು ಕೊಯ್ಯುತ್ತದೆ, ಯಾವುದು ನೂರು ಸಲ ಬಿಚ್ಚಿ ಕಟ್ಟಿದರೂ ಸಡಿಲವಾಗುವುದಿಲ್ಲ ಎಂದು ನೋಡುವವಳು ನಾನು. ಎಲುಬಿನ ಕೆಲಸದವರನ್ನು ಯಾರೂ ಸನ್ಮಾನಕ್ಕೆ ಕರೆಯುವುದಿಲ್ಲ. ರೋಬೋ ಕೈ ಎತ್ತಿದರೆ ಮೋಟಾರಿನವರಿಗೆ ಚಪ್ಪಾಳೆ, ಕೈ ಕಳಚಿ ಬಿದ್ದರೆ ನನಗೆ ಫೋನು. ಅದಕ್ಕೆ ನಾನು ಸ್ವಲ್ಪ ಸಿಡುಕಿ ಎಂದು ಹೆಸರು ಬಂದಿದೆ. ಬರಲಿ ಬಿಡಿ.

ಈಗಿನ ಮಕ್ಕಳಿಗೆ ಶಾಲೆ ಎಂದರೆ ಮನೆಯ ಗೋಡೆ. ಬಿಸಿಲಿನ ಕಾನೂನು ಬಂದಾಗಿನಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಮೊದಲ ಎರಡು ಬೇಸಿಗೆಗಳಲ್ಲಿ ಜೀವ ಉಳಿಸಿದ ಕಾನೂನು ಅದು, ಅದನ್ನು ಬೈಯುವ ಯೋಗ್ಯತೆ ನನಗಿಲ್ಲ. ಶಾಲೆಯ ಕಟ್ಟಡಗಳು ಗೋದಾಮುಗಳಾದವು. ಪ್ರತಿ ಮನೆಯ ಗೋಡೆಗೂ ಒಂದು ಪರದೆ ಬಂತು. ಮಕ್ಕಳು ಅದನ್ನು ಗೋಡೆ ಮಾಸ್ತರ ಎಂದು ಕರೆಯುತ್ತಾರೆ. ಗೋಡೆ ಮಾಸ್ತರನಿಗೆ ತಾಳ್ಮೆ ಇದೆ, ಸಿಟ್ಟಿಲ್ಲ, ಹೋಮ್‌ವರ್ಕ್ ಮರೆತರೆ ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ. ಅವನಿಗೆ ಇಲ್ಲದ್ದು ಒಂದೇ, ಕೈ. ಕೈಕೆಲಸ ಕಲಿಯಲಿ ಎಂದು ಸರಕಾರ ಪ್ರತಿ ಮಗುವಿಗೂ ಒಂದು ರೋಬೋ ಕಿಟ್ ಅಂಚೆಯಲ್ಲಿ ಕಳಿಸಲು ತೀರ್ಮಾನಿಸಿತು. ಅದರ ಎಲುಬು ಯಾವುದಿರಬೇಕೆಂದು ಹೇಳುವ ಹೊಣೆ ನನ್ನ ತಲೆಗೆ ಬಂತು. ಒಮ್ಮೆ ಸಹಿ ಬಿದ್ದರೆ ಹತ್ತು ವರ್ಷ ಅದೇ ಅಚ್ಚು, ಅದೇ ಭಾಗ.

ನನ್ನ ಮುಂದೆ ಇದ್ದವು ಎರಡು. ಒಂದು ಹಳೆಯ ತೂತುಪಟ್ಟಿ, ನಟ್ಟು-ಬೋಲ್ಟಿನದು. ಇನ್ನೊಂದು ಫಕ್ಕೀರೇಶ ಯಲಿವಾಳ ತಯಾರಿಸಿದ ಕಚ್ಚುಪಟ್ಟಿ. ಫಕ್ಕೀರೇಶ ನನ್ನ ಕೈಯಲ್ಲೇ ಕೆಲಸ ಕಲಿತು ಈಗ ನನ್ನ ಮೇಲಧಿಕಾರಿಯಾಗಿ ಕೂತವನು. ಒಳ್ಳೆಯವನು, ಅದೇ ತೊಂದರೆ. ಅವನ ಕಚ್ಚುಪಟ್ಟಿಯ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ. ಎರಡು ತುದಿ ತಾಗಿಸಿದರೆ ತಾವೇ ಸರಿದುಕೊಂಡು, ತೂತು ಹುಡುಕಿಕೊಂಡು, ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಬಿಡಿಸಬೇಕಾದರೆ ಪಕ್ಕದ ಗುಂಡಿ ಒತ್ತಿದರಾಯಿತು. ಮಗು ಒಂದೇ ಕೈಯಲ್ಲಿ ಊಟ ಮಾಡುತ್ತ ಇನ್ನೊಂದು ಕೈಯಲ್ಲಿ ರೋಬೋ ಕಟ್ಟಬಹುದು. ಒಬ್ಬಂಟಿ ಮಗುವಿಗೆ ಇದಕ್ಕಿಂತ ಒಳ್ಳೆಯ ಭಾಗ ಇಲ್ಲ ಎಂದು ಫಕ್ಕೀರೇಶ ಹೇಳುತ್ತಿದ್ದ. ಒಬ್ಬಂಟಿತನವನ್ನು ಅಚ್ಚಿಗೆ ಹಾಕಿ ಎರಕ ಹೊಯ್ದಂತಾಯಿತು ಎಂದು ನಾನು ಹೇಳುತ್ತಿದ್ದೆ. ಮೂರನೆಯ ಕೈ ಬೇಕೆನ್ನುವ ಭಾಗವನ್ನು ಕೊಟ್ಟರೆ ಮಗು ಆ ಕೈಯನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದು ನನ್ನ ವಾದ. ವಾದವೇನೋ ಚೆನ್ನಾಗಿತ್ತು. ಆಧಾರ ಮಾತ್ರ ಇರಲಿಲ್ಲ.

ಆಧಾರಕ್ಕಾಗಿ ಆ ಬೇಸಿಗೆಯಲ್ಲಿ ಪರೀಕ್ಷೆ ಇಟ್ಟೆವು. ಅರ್ಧ ಮನೆಗಳಿಗೆ ಕಚ್ಚುಪಟ್ಟಿ, ಅರ್ಧ ಮನೆಗಳಿಗೆ ತೂತುಪಟ್ಟಿ. ಎರಡೂ ಬಗೆಯ ಪಟ್ಟಿಗಳಿಗೆ, ನಟ್ಟು ಪಾನಾಗಳಿಗೂ, ಒಂದು ತೆಳುವಾದ ಪೊರೆ ಬಳಿದಿದ್ದೆವು. ಅದಕ್ಕೆ ಮುಟ್ಟಿದವರ ಬೆರಳು ತಿಳಿಯುತ್ತದೆ. ಎಲ್ಲಿ ಮುಟ್ಟಿದರು, ಎಷ್ಟು ಜೋರಾಗಿ ಒತ್ತಿದರು, ಮುಟ್ಟಿದ ಕೈ ಎಷ್ಟು ಬೆಚ್ಚಗಿತ್ತು. ಸಾಸಿವೆಯಷ್ಟು ಸಣ್ಣ ಚಿಪ್ ಅದನ್ನೆಲ್ಲ ನಮ್ಮ ನಿಗಾ ಕೋಣೆಗೆ ಕಳಿಸುತ್ತದೆ. ಅಲ್ಲಿನ ದೊಡ್ಡ ಪರದೆಯ ಮೇಲೆ ಒಂದೊಂದು ಮನೆಗೂ ಒಂದೊಂದು ಚೌಕ. ಚೌಕದಲ್ಲಿ ಬೆರಳಿನ ಗುರುತುಗಳು ಚುಕ್ಕಿಗಳಾಗಿ ಬೀಳುತ್ತವೆ. ಐದು ಚುಕ್ಕಿ ಅಗಲವಾಗಿ ಬಿದ್ದರೆ ದೊಡ್ಡವರ ಪೂರ್ತಿ ಹಿಡಿತ. ಎರಡೇ ಚುಕ್ಕಿ ಹತ್ತಿರ ಹತ್ತಿರ ಬಿದ್ದರೆ ಚಿಕ್ಕ ಮಗುವಿನ ಚಿವುಟು ಹಿಡಿತ. ಒಂದೇ ಮೈಯ ಎರಡು ಕೈಗಳ ಬಿಸಿ ಹೆಚ್ಚುಕಡಿಮೆ ಒಂದೇ ಇರುತ್ತದೆ, ಆದ್ದರಿಂದ ಬಿಸಿ ಬೇರೆಯಾಗಿದ್ದರೆ ಮನುಷ್ಯ ಬೇರೆ. ಇದು ನಾವೇ ಮಾಡಿಕೊಂಡ ನಿಯಮ. ನಾನೇ ಮಾಡಿದ್ದು ಎಂದರೂ ತಪ್ಪಿಲ್ಲ.

ಆ ಕೋಣೆಯಲ್ಲಿ ಕೂತು ನೋಡುವುದು ನನಗೆ ಹುಚ್ಚಾಗಿ ಹೋಯಿತು. ಕಚ್ಚುಪಟ್ಟಿಯ ಮನೆಗಳಲ್ಲಿ ಟಪಟಪನೆ ಚುಕ್ಕಿ ಬಿದ್ದು ರೋಬೋ ಎದ್ದು ನಿಲ್ಲುತ್ತಿತ್ತು. ಎರಡು ಕೈ, ಒಂದೇ ಬಿಸಿ. ಮಗು ಅದನ್ನು ಒಂದಿಷ್ಟು ಹೊತ್ತು ಆಡಿಸಿ, ಬಿಚ್ಚಿ, ಮತ್ತೆ ಕಟ್ಟಿ, ಪೆಟ್ಟಿಗೆಗೆ ಹಾಕುತ್ತಿತ್ತು. ತೂತುಪಟ್ಟಿಯ ಮನೆಗಳಲ್ಲಿ ಚುಕ್ಕಿಗಳು ಜಾರುತ್ತಿದ್ದವು, ಪಟ್ಟಿ ಬೀಳುತ್ತಿತ್ತು, ಮಗು ಮತ್ತೆ ಎತ್ತಿಕೊಳ್ಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಕೆಲವು ಮನೆಗಳಲ್ಲಿ ಸಂಜೆಯಾದ ಮೇಲೆ ದೊಡ್ಡವರ ಕೈಯೊಂದು ಬರುತ್ತಿತ್ತು. ಬಹಳಷ್ಟು ಮನೆಗಳಲ್ಲಿ ಬರುತ್ತಿರಲಿಲ್ಲ. ಆ ಚೌಕಗಳು ಒಂದೊಂದಾಗಿ ಕಪ್ಪಾದವು. ಮಕ್ಕಳು ಪೆಟ್ಟಿಗೆ ಮುಚ್ಚಿ ಬದಿಗಿಟ್ಟಿದ್ದರು. ಫಕ್ಕೀರೇಶ ಬಂದು ನೋಡಿ ಏನೂ ಹೇಳದೆ ಹೋಗುತ್ತಿದ್ದ. ಅವನು ಏನಾದರೂ ಅಂದಿದ್ದರೆ ಜಗಳವಾದರೂ ಆಗುತ್ತಿತ್ತು.

ಮನೆಗೆ ಹೋದರೆ ಅಲ್ಲಿ ಮಂಚ. ಗಂಡ ಮಾಧವ ತೀರಿಕೊಂಡ ಮೇಲೆ ನಾನು ದೊಡ್ಡ ಮನೆ ಬಿಟ್ಟು ಈ ಅಪಾರ್ಟ್‌ಮೆಂಟಿನ ಎರಡು ಕೋಣೆಗೆ ಬಂದೆ. ಸಾಮಾನು ಸಾಗಿಸಿದವರು ಮಂಚವನ್ನು ಬಿಚ್ಚಿ ತಂದು ಗೋಡೆಗೆ ಒರಗಿಸಿ, ನಾಳೆ ಬಂದು ಕೂಡಿಸುತ್ತೇವೆ ಎಂದು ಹೋದವರು ಮತ್ತೆ ಬರಲಿಲ್ಲ. ಸಾಗವಾನಿಯ ಮಂಚ, ನಾಲ್ಕು ಕಾಲಿಗೂ ಉದ್ದುದ್ದ ಬೋಲ್ಟು. ಹಳೆಯ ಮನೆಯಲ್ಲಿ ಅದನ್ನು ಕೂಡಿಸಿದಾಗ ಮಾಧವ ಆ ಕಡೆ ಅಡ್ಡಪಟ್ಟಿ ಎತ್ತಿ ಹಿಡಿದಿದ್ದರು, ನಾನು ಪಾನಾ ತಿರುಗಿಸಿದ್ದೆ. ಅವರಿಗೆ ಹಿಡಿಯಲು ಬರುತ್ತಿರಲಿಲ್ಲ, ಯಾವಾಗಲೂ ಒಂದು ಬೆರಳು ಕೆಳಗೆ ಹಿಡಿಯುತ್ತಿದ್ದರು, ನಾನು ಬೈಯುತ್ತಿದ್ದೆ. ಈಗ ಬೈಯಲು ಯಾರೂ ಇಲ್ಲ. ಮೂರು ವರ್ಷದಿಂದ ನಾನು ಗಾದಿಯನ್ನು ನೆಲಕ್ಕೆ ಹಾಸಿ ಮಲಗುತ್ತೇನೆ. ಎಲುಬಿನ ತಜ್ಞೆ, ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡು ಏಳುತ್ತೇನೆ. ಎದುರುಮನೆಯಲ್ಲಿ ಯಾರೋ ಇದ್ದಾರೆ, ರಾತ್ರಿ ಪಾಳಿಯ ನರ್ಸ್ ಇರಬೇಕು, ಬಾಗಿಲ ಹೊರಗೆ ಬಿಳಿ ಚಪ್ಪಲಿ ಇರುತ್ತದೆ. ಚಪ್ಪಲಿಯ ಪರಿಚಯವಷ್ಟೇ ನನಗಿತ್ತು.

ಪರೀಕ್ಷೆ ಮುಗಿಯಲು ಬಂದಾಗ ಗದಗಿನ ಚೌಕವೊಂದು ಬೆಳಗಿತು.

ಅದು ತೂತುಪಟ್ಟಿಯ ಮನೆ. ಮಟಮಟ ಮಧ್ಯಾಹ್ನ. ಒಂದು ಕೈ ಪಾನಾದ ಹತ್ತಿರ, ಒಂದು ಕೈ ನಟ್ಟಿನ ಹತ್ತಿರ, ಎರಡೂ ಬೆಚ್ಚಗೆ. ಪಟ್ಟಿಯ ಆ ತುದಿಯಲ್ಲಿ ಎರಡು ಚುಕ್ಕಿ, ಹತ್ತಿರ ಹತ್ತಿರ, ಬಿಸಿ ಕಡಿಮೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮೂರನೆಯ ಕೈ! ಚಿಕ್ಕ ಮಗುವಿನದು, ತಣ್ಣಗಿನದು, ಚಿವುಟಿ ಹಿಡಿದದ್ದು. ನೋಡುತ್ತಿದ್ದಂತೆ ಬೋಲ್ಟು ಬಿಗಿಯಾಯಿತು. ಮರುದಿನವೂ ಅದೇ. ಅದರ ಮರುದಿನವೂ ಅದೇ. ದಿನದಿಂದ ದಿನಕ್ಕೆ ಆ ಚಿಕ್ಕ ಹಿಡಿತ ಗಟ್ಟಿಯಾಗುತ್ತ ಬಂತು. ಕಾಗದಪತ್ರದ ಪ್ರಕಾರ ಆ ಮನೆಯಲ್ಲಿ ಇದ್ದದ್ದು ಒಂದೇ ಮಗು, ಹೆಸರು ನೀಲವ್ವ. ಅಜ್ಜಿಯಂದಿರ ಹೆಸರಿಡುವುದು ಈಗ ಮತ್ತೆ ಫ್ಯಾಶನ್ನು. ತಂದೆ ತಾಯಿ ಇಬ್ಬರೂ ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳ ದುರಸ್ತಿ ಮಾಡುವವರು, ಹೊತ್ತು ಮೂಡುವ ಮೊದಲು ಹೋದರೆ ಕತ್ತಲಾದ ಮೇಲೆ ಬರುತ್ತಾರೆ. ಹಾಗಾದರೆ ಆ ಸಣ್ಣ ಕೈ ಪಕ್ಕದ ಮನೆಯದು. ಒಂದೇ ಕಟ್ಟಡದ ಒಳಗಡೆಯ ಮೆಟ್ಟಿಲಲ್ಲಿ ಬಿಸಿಲಿಲ್ಲವಲ್ಲ. ನನ್ನ ಭಾಗ ಆ ಹುಡುಗಿಯನ್ನು ಎಬ್ಬಿಸಿ, ಬಾಗಿಲು ತೆರೆಸಿ, ಒಂದು ಸಣ್ಣ ಗೆಳತಿಯನ್ನು ಹುಡುಕಿಕೊಟ್ಟಿತು ಎಂದು ನಾನು ನಂಬಿದೆ.

ಕಾರ್ಖಾನೆಯ ಸಮಿತಿಯ ಮುಂದೆ ಆ ಚೌಕವನ್ನೇ ದೊಡ್ಡದು ಮಾಡಿ ತೋರಿಸಿದೆ. ಎಷ್ಟು ಮಾತಾಡಿದೆನೋ ನನಗೇ ನೆನಪಿಲ್ಲ. ಕಡೆಗೆ ಎಲ್ಲರೂ ಒಪ್ಪಿದರು, ಫಕ್ಕೀರೇಶನೂ ತಲೆಯಾಡಿಸಿದ. ಸೋಮವಾರ ನಾನು ಸಹಿ ಹಾಕುವುದು, ತೂತುಪಟ್ಟಿಯ ಅಚ್ಚು ಶುರು ಮಾಡುವುದು ಎಂದು ತೀರ್ಮಾನವಾಯಿತು. ಪರೀಕ್ಷೆ ನಡೆಯುವಾಗ ಮನೆಯವರನ್ನು ಕಾಣಬಾರದೆಂಬ ನಿಯಮವಿತ್ತು. ಪರೀಕ್ಷೆ ಮುಗಿದಿತ್ತಲ್ಲ. ಶನಿವಾರ ಬೆಳಿಗ್ಗೆ ಎರಡು ಪೊಟ್ಟಣ ಶೇಂಗಾ ಉಂಡಿ ಕಟ್ಟಿಸಿಕೊಂಡು ಗದಗಿನ ರೈಲು ಹತ್ತಿದೆ. ಒಂದು ನೀಲವ್ವನಿಗೆ, ಒಂದು ಆ ಸಣ್ಣದಕ್ಕೆ. ಬಹಳ ದಿನದ ಮೇಲೆ ಯಾರಿಗೋ ಏನೋ ಒಯ್ಯುತ್ತಿದ್ದೆ, ಅದರ ಸಂತೋಷಕ್ಕೆ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಹುಡುಗಿಯ ತಾಯಿಗೆ ಮೊದಲೇ ಫೋನು ಮಾಡಿದ್ದೆ. ಆಕೆ ಗಾಳಿಯಂತ್ರದ ತುದಿಯಿಂದ ಮಾತಾಡಿದಳು, ಗಾಳಿಯ ಸದ್ದಿನಲ್ಲಿ ಅರ್ಧ ಕೇಳಲಿಲ್ಲ. ಬರ್ರಿ ಅಕ್ಕಾರ, ಹುಡುಗಿಗೆ ಹೇಳಿರತೀನಿ ಅಂದದ್ದು ಕೇಳಿತು. ನಾನು ಮನೆ ಮುಟ್ಟಿದಾಗ ಬಾಗಿಲನ್ನೂ ಅಲ್ಲಿಂದಲೇ ಫೋನಿನ ಗುಂಡಿ ಒತ್ತಿ ತೆರೆದುಕೊಟ್ಟಳು. ಒಳಗೆ ನುಣ್ಣನೆಯ ಕಲ್ಲಿನ ನೆಲ, ತಂಪಾಗಿತ್ತು. ಗೋಡೆ ಮಾಸ್ತರನ ಬಾಯಿ ಬಂದ್ ಮಾಡಲಾಗಿತ್ತು, ಅವನು ಸುಮ್ಮನೆ ನಗುತ್ತ ನಿಂತಿದ್ದ. ಎಂಟೊಂಬತ್ತು ವರ್ಷದ ಹುಡುಗಿಯೊಂದು ತೂತುಪಟ್ಟಿಗಳ ನಡುವೆ ಕೂತಿತ್ತು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಿಟ್ಟಿನ ಅಜ್ಜಿ ನೀವ ಏನ್ರಿ ಎಂದು ಕೇಳಿತು. ಐವತ್ತೇಳಕ್ಕೇ ಅಜ್ಜಿಯಾದೆ, ಆಗಲಿ.

ನಾನು ಚೀಲದಿಂದ ಎರಡೂ ಪೊಟ್ಟಣ ತೆಗೆದೆ.

"ಸಣ್ಣದು ಎಲ್ಲೈತವಾ? ಅದನ್ನೂ ಕರಿ," ಅಂದೆ.

"ಯಾವ ಸಣ್ಣದ್ರೀ? ಮನ್ಯಾಗ ನಾ ಒಬ್ಬಾಕಿನ ಇರತೀನಿ."

ಪಟ್ಟಿ ಕೂಡಿಸುವಾಗ ಆ ತುದಿ ಹಿಡಿಯುತ್ತದಲ್ಲ, ಆ ಸಣ್ಣದು ಎಂದೆ. ಹುಡುಗಿಗೆ ಅರ್ಥವಾಗಲಿಲ್ಲ. ಹಾಗಾದರೆ ಕೂಡಿಸಿ ತೋರಿಸು ಎಂದೆ. ನೀಲವ್ವ ಕುಂಡೆಯ ಮೇಲೆ ಸರಿದು ಕೂತು, ಬಲಗಾಲು ಚಾಚಿ, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಎರಡೂ ಪಟ್ಟಿಗಳನ್ನು ಸಿಕ್ಕಿಸಿ ಒತ್ತಿ ಹಿಡಿಯಿತು. ಒಂದು ಕೈಯಲ್ಲಿ ನಟ್ಟು, ಒಂದು ಕೈಯಲ್ಲಿ ಪಾನಾ. ತುಟಿ ಕಚ್ಚಿಕೊಂಡು ತಿರುಗಿಸಿತು. ಬೋಲ್ಟು ಬಿಗಿಯಾಯಿತು. ಕಾಲ್ಬೆರಳ ಸಂದಿಯಲ್ಲಿ ಪಟ್ಟಿಯ ಅಂಚು ಒತ್ತಿ ಒತ್ತಿ ಚರ್ಮ ಗಟ್ಟಿಯಾಗಿತ್ತು.

ಕಲ್ಲಿನ ನೆಲದ ಮೇಲಿನ ಬರಿಗಾಲು. ತಣ್ಣಗಿನ ಎರಡು ಚುಕ್ಕಿ. ಬಿಸಿ ಬೇರೆಯಾದರೆ ಮನುಷ್ಯ ಬೇರೆ ಎಂದು ಬರೆದಿಟ್ಟವಳು ನಾನು. ದಿನದಿಂದ ದಿನಕ್ಕೆ ಗಟ್ಟಿಯಾದ ಹಿಡಿತವೆಂದರೆ ಜಡ್ಡುಗಟ್ಟಿದ ಕಾಲ್ಬೆರಳು. ನನಗೆ ನಾಚಿಕೆಯಾಯಿತು. ನಾನು ಸಮಿತಿಯ ಮುಂದೆ ಕುಣಿದಾಡಿದ ಗೆಳತಿ ಈ ಮನೆಗೆ ಬಂದಿರಲೇ ಇಲ್ಲ. ಹುಡುಗಿ ಒಂದು ಪೊಟ್ಟಣ ಬಿಚ್ಚಿ ಉಂಡಿ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕಡೆಗೆ ತಳ್ಳಿ, ಇದು ಸಣ್ಣದರದ್ದು ಅಲ್ಲೇನ್ರಿ, ಅದಕ್ಕೇ ಕೊಡ್ರಿ ಎಂದಿತು. ನಾನು ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಆಮೇಲೆ ಅವಳು ಏನು ಕಟ್ಟುತ್ತಿದ್ದಾಳೆಂದು ನೋಡಿದೆ. ಕಿಟ್ಟಿನ ಪುಸ್ತಕದಲ್ಲಿರುವ ಓಡುವ ರೋಬೋ ಅಲ್ಲ, ಕಪ್ಪೆ ರೋಬೋ ಅಲ್ಲ. ಅಗಲವಾದ ಅಡಿ, ಅದರ ಮೇಲೆ ಉದ್ದನೆಯ ತೋಳು, ತುದಿಯಲ್ಲಿ ಇಕ್ಕಳದಂಥ ಎರಡು ಬೆರಳು. ತೋಳು ಅಡಿಗೆ ಕೂಡಿರಲಿಲ್ಲ. ಹೆಗಲಿನ ಆ ಒಂದು ಬೋಲ್ಟು ಎಷ್ಟು ಸಲ ಪ್ರಯತ್ನಿಸಿದರೂ ಕೂರುತ್ತಿಲ್ಲವಂತೆ, ತೋಳಿನ ಭಾರಕ್ಕೆ ಕಾಲು ಸೋಲುತ್ತದಂತೆ. ಇದು ಏನು ಮಾಡುತ್ತದೆ ಎಂದು ಕೇಳಿದೆ.

"ಹಿಡೀತೈತ್ರಿ," ಅಂದಳು ನೀಲವ್ವ. "ನಾ ತಿರುವೂ ಮುಂದ ಇದ ಆ ಕಡೆ ಹಿಡೀತೈತಿ."

ನಾನು ಕೆಳಗೆ ಕೂತೆ. ಮಂಡಿ ಕಟಕಟ ಅಂದವು. ತೋಳನ್ನು ಎತ್ತಿ ಹೆಗಲಿನ ತೂತಿಗೆ ಸರಿಯಾಗಿ ಹಿಡಿದೆ. ಅಷ್ಟರಲ್ಲಿ ಕಿವಿಗೆ ಸಿಕ್ಕಿಸಿಕೊಂಡಿದ್ದ ಫೋನಿನಲ್ಲಿ ಫಕ್ಕೀರೇಶನ ದನಿ ಬಂತು. ಅವನು ಶನಿವಾರವೂ ನಿಗಾ ಕೋಣೆಯಲ್ಲಿ ಕೂರುತ್ತಾನೆಂದು ನನಗೆ ಗೊತ್ತಿರಲಿಲ್ಲ.

"ಮೇಡಂ, ಗದಗಿನ ಮನ್ಯಾಗ ಹೊಸಾ ಕೈ ಬಂದೈತ್ರಿ. ದೊಡ್ಡದೈತಿ, ನಡಗಾಕತ್ತೈತಿ. ಯಾರದ್ರೀ ಅದು?"

"ನಂದು," ಅಂದೆ.

ನೀಲವ್ವ ಬೋಲ್ಟು ಬಿಗಿದಳು. ಗುಂಡಿ ಒತ್ತಿದಾಗ ತೋಳು ಮೆಲ್ಲಗೆ ಎದ್ದು, ಇಕ್ಕಳ ತೆರೆದು, ನನ್ನ ಬೆರಳನ್ನು ಹಿಡಿಯಿತು. ಚೆನ್ನಾಗಿಯೇ ಹಿಡಿಯಿತು, ನೋವಾಗದ ಹಾಗೆ, ಬಿಡದ ಹಾಗೆ. ಹುಡುಗಿಯ ಮುಖ ಅರಳಿತು. ಹೊರಡುವಾಗ ಮತ್ತೆ ಬರಲೇನೆಂದು ಕೇಳಿದೆ. ಕೇಳಬಾರದಿತ್ತೋ ಏನೋ. ಅವಳು ನನ್ನ ಮಂಡಿಯ ಕಡೆ ನೋಡಿ ಬಹಳ ಕಾಳಜಿಯಿಂದ ಹೇಳಿದಳು.

"ಬ್ಯಾಡ್ರಿ ಅಜ್ಜಿ, ಯಾಕ ತ್ರಾಸು. ಇನ್ನ ಯಾರೂ ಬರೂದ ಬ್ಯಾಡ. ಇದ ಹಿಡೀತೈತಿ."

ರೈಲಿನಲ್ಲಿ ಕಿಟಕಿಯ ಹೊರಗೆ ಗಾಳಿಯಂತ್ರಗಳು ಒಂದೊಂದೇ ದೂರದೂರ ನಿಂತು ತಿರುಗುತ್ತಿದ್ದವು. ಯಾವುದರ ತುದಿಯಲ್ಲಿ ಆ ಹುಡುಗಿಯ ತಾಯಿ ಇದ್ದಾಳೋ ಎಂದು ನೋಡುತ್ತ ಕೂತೆ. ಕಚ್ಚುಪಟ್ಟಿ ಕೊಟ್ಟರೆ ಮಗುವಿಗೆ ಯಾರೂ ಬೇಕಾಗುವುದಿಲ್ಲ. ತೂತುಪಟ್ಟಿ ಕೊಟ್ಟರೆ ಜಾಣ ಮಗು ತನಗೊಂದು ಕೈ ಕಟ್ಟಿಕೊಳ್ಳುತ್ತದೆ, ಉಳಿದವು ಪೆಟ್ಟಿಗೆ ಮುಚ್ಚುತ್ತವೆ. ಎರಡರಲ್ಲೂ ಬಾಗಿಲು ತೆರೆಯುವುದಿಲ್ಲ. ನಾನು ಎಲುಬು ನೋಡಿದ್ದೆ, ಬಾಗಿಲನ್ನು ನೋಡಿರಲಿಲ್ಲ. ಅಣ್ಣಿಗೇರಿ ದಾಟುವಷ್ಟರಲ್ಲಿ ಮನಸ್ಸಿಗೆ ಒಂದು ಉಪಾಯ ಹೊಳೆಯಿತು, ಹುಬ್ಬಳ್ಳಿ ಸ್ಟೇಷನ್ನಿನಿಂದ ನೇರ ಕಾರ್ಖಾನೆಗೆ ಹೋದೆ.

ಫಕ್ಕೀರೇಶ ಕಾಯುತ್ತಿದ್ದ. ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅದು ಕೈಯಲ್ಲ, ಕಾಲು. ಸಮಿತಿಗೂ ಹಾಗೆಯೇ ಹೇಳು, ನನ್ನ ವಾದ ಬಿದ್ದುಹೋಯಿತು ಅಂದೆ. ಅವನು ಗೆದ್ದವನಂತೆ ಕಾಣಲಿಲ್ಲ, ಆ ಚೌಕ ನೋಡಿ ಅವನೂ ಖುಷಿಪಟ್ಟಿದ್ದನಂತೆ. ಆಮೇಲೆ ಹೊಸ ಮಾತು ತೆಗೆದೆ. ಇಡೀ ರೋಬೋ ನಿನ್ನ ಕಚ್ಚುಪಟ್ಟಿಯದೇ ಇರಲಿ. ಯಾವ ಮಗುವೂ ಅಳುತ್ತ ಕೂರುವುದು ಬೇಡ. ಆದರೆ ಹೆಗಲಿನ ಒಂದು ಕೀಲು ಮಾತ್ರ ನಟ್ಟು-ಬೋಲ್ಟಿನದು. ಬೋಲ್ಟು ಈ ಮನೆಯ ಪೆಟ್ಟಿಗೆಯಲ್ಲಿ, ಅದರ ನಟ್ಟು ಅದೇ ಓಣಿಯ ಇನ್ನೊಂದು ಮಗುವಿನ ಪೆಟ್ಟಿಗೆಯಲ್ಲಿ. ಆ ಮನೆಯ ಬೋಲ್ಟಿನ ನಟ್ಟು ಈ ಪೆಟ್ಟಿಗೆಯಲ್ಲಿ, ಎರಡರ ಅಳತೆ ಬೇರೆ ಬೇರೆ. ಐದು ಗಂಟೆಯ ಮೇಲೆ ಬಿಸಿಲಿನ ಕಾನೂನಿಲ್ಲ. ರೋಬೋಗೆ ಕೈ ಎತ್ತಲು ಬರಬೇಕೆಂದರೆ ಹೋಗಿ ಬಾಗಿಲು ಬಡಿಯಬೇಕು.

ಅವನು ಪೆನ್ನು ತೆಗೆದು ಆ ಕೀಲಿನ ಚಿತ್ರ ಬರೆದು ನೋಡಿದ. ಅಚ್ಚಿನ ದೃಷ್ಟಿಯಿಂದ ಸುಲಭ, ಅಂಚೆಯ ವಿಳಾಸ ನೋಡಿ ಜೋಡಿ ಮಾಡುವುದೂ ಆಗುತ್ತದೆ ಎಂದ. ಆಮೇಲೆ ಪೆನ್ನು ಕೆಳಗಿಟ್ಟ.

"ನೀವ ಹೇಳೂದು ಖರೇ ಇರಬಹುದ್ರೀ. ಆದ್ರ ಈ ಹುಡುಗರು ಹುಟ್ಟಿದಾಗಿಂದ ಯಾರ ಬಾಗಲಾನೂ ಬಡದಿಲ್ಲ. ಅವರನ್ನ ಬಿಡ್ರಿ, ನಮಗರ ಬರತೈತೇನು? ನೀವ ಕಡೀಕ ಯಾವಾಗ ಯಾರ ಬಾಗಲಾ ಬಡದಿದ್ರಿ, ಮೇಡಂ?"

ಅವನು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ. ಸೋಮವಾರ ಬೆಳಿಗ್ಗೆ ಹೇಳುತ್ತೇನೆ ಎಂದು ಎದ್ದುಬಂದೆ. ದಾರಿಯಲ್ಲಿ ನನಗೆ ನಾನೇ ಒಂದು ಮಾತು ಕೊಟ್ಟುಕೊಂಡೆ. ಐವತ್ತೇಳು ವರ್ಷದ ಹೆಂಗಸು ಒಂದು ಬಾಗಿಲು ಬಡಿಯಲಾರಳು ಎಂದಾದರೆ, ಎಂಟು ವರ್ಷದ ಮಗುವಿನ ಕೈಗೆ ಒಂಟಿ ಬೋಲ್ಟು ಕೊಡುವ ಹಕ್ಕು ಅವಳಿಗಿಲ್ಲ. ಆಗ ಸುಮ್ಮನೆ ಪೂರಾ ಕಚ್ಚುಪಟ್ಟಿಗೇ ಸಹಿ ಹಾಕಿ ನಿವೃತ್ತಿಯಾಗುವುದು.

ಭಾನುವಾರ ಮಧ್ಯಾಹ್ನ ಮಂಚದ ಕಾಲುಗಳನ್ನು ನಡುಮನೆಗೆ ತಂದೆ. ಬಾಗಿಲು ಬಡಿಯುವುದನ್ನು ತಪ್ಪಿಸಿಕೊಳ್ಳಲು ಮೊದಲು ನೀಲವ್ವನ ಉಪಾಯ ಮಾಡಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಅಡ್ಡಪಟ್ಟಿಯನ್ನು ಪಾದದ ಮೇಲೆ ಎತ್ತಿಟ್ಟುಕೊಂಡು ಬೋಲ್ಟು ತೂರಿಸಲು ಹೋದೆ. ಸಾಗವಾನಿ ಸಾಗವಾನಿಯೇ. ಜಾರಿ ಕಾಲ್ಬೆರಳ ಮೇಲೆ ಬಿತ್ತು, ಕಣ್ಣಲ್ಲಿ ನೀರು ಬಂತು. ಬಂದ ನೀರು ಬೆರಳಿಗಾಗಿ ಶುರುವಾಗಿ ಬೇರೆ ಯಾವುದಕ್ಕೋ ಮುಂದುವರಿಯಿತು. ನೆಲದ ಮೇಲೆ ಕೂತು ಚೆನ್ನಾಗಿ ಅತ್ತೆ. ಮಾಧವ ಒಂದು ಬೆರಳು ಕೆಳಗೇ ಹಿಡಿದಿದ್ದರೂ ಸಾಕಾಗಿತ್ತು. ಆಮೇಲೆ ಮುಖ ತೊಳೆದುಕೊಂಡು, ಪಾನಾ ಕೈಯಲ್ಲಿ ಹಿಡಿದು, ಕುಂಟುತ್ತ ಎದುರುಮನೆಯ ಬಾಗಿಲಿಗೆ ಹೋದೆ.

ಬಿಳಿ ಚಪ್ಪಲಿ ಇದ್ದವು. ಕೈ ಎತ್ತಿದೆ, ಇಳಿಸಿದೆ. ಮಲಗಿರುತ್ತಾಳೆ ಪಾಪ, ರಾತ್ರಿ ಪಾಳಿ ಮಾಡಿ ಬಂದವಳು. ಇಷ್ಟು ದಿನ ಮಾತಾಡಿಸದವಳು ಈಗ ಪಾನಾ ಹಿಡಿದು ಬಂದರೆ ಏನೆಂದುಕೊಂಡಾಳು. ಇನ್ನೊಂದು ಭಾನುವಾರ ಬರಬಹುದು. ತಿರುಗಿ ನನ್ನ ಬಾಗಿಲವರೆಗೆ ಬಂದೆ. ಅಲ್ಲಿ ನಿಂತಾಗ ಆ ಇಕ್ಕಳ ನನ್ನ ಬೆರಳು ಹಿಡಿದದ್ದು ನೆನಪಾಯಿತು, ಇನ್ನ ಯಾರೂ ಬರೂದ ಬ್ಯಾಡ ಎಂದು ಆ ಹುಡುಗಿ ಅಂದದ್ದೂ. ನಾನು ಮತ್ತೆ ಹೋಗಿ ಬಡಿದೆ.

ಬಡಿದ ಕೂಡಲೇ ಬಾಗಿಲು ತೆರೆಯಿತು. ಮೂವತ್ತರ ಆಸುಪಾಸಿನ ಹೆಂಗಸು, ಕೂದಲು ಕೆದರಿತ್ತು, ಕಣ್ಣು ಎಚ್ಚರವಾಗಿತ್ತು. ಮಂಚದ ವಿಷಯ ಹೇಳಿದೆ. ಸ್ವಲ್ಪ ಆ ಕಡೆ ಹಿಡಿಯುತ್ತೀರೇನು ಎಂದು ಕೇಳಿದೆ.

"ಹಿಡಿಯೂದಿಷ್ಟ ಏನ್ರೀ?" ಅಂದಳು ಅವಳು. "ಇಷ್ಟಕ್ಕ ಇಷ್ಟೊತ್ತು ಹೊರಗ ನಿಂತಿದ್ರಿ?"

"ನೀವು ನೋಡಿದ್ರೇನು?"

"ನಾನೂ ಒಳಗ ನಿಂತಿದ್ದೆರೀ. ಬಾಗಲಾ ತಗೀಲೋ ಬ್ಯಾಡೋ ಅಂತ."

ಅವಳ ಹೆಸರು ರುಬೀನಾ. ಎದುರಿಗೆ ಬಂದು ಎರಡು ವರ್ಷವಾಗಿತ್ತಂತೆ. ಹಳೆಯ ಮನೆಯಿಂದ ತಂದು ನನ್ನ ಬಾಗಿಲ ಮೇಲೆ ಹಾಕಿದ ಫಲಕದಲ್ಲಿ ಮಾಧವರ ಹೆಸರೂ ಇರುವುದರಿಂದ, ಒಳಗೆ ಗಂಡಹೆಂಡತಿ ಇಬ್ಬರೂ ಇದ್ದಾರೆ, ಇವರಿಗೇನು ಕಡಿಮೆ ಎಂದುಕೊಂಡಿದ್ದಳಂತೆ. ಅಡ್ಡಪಟ್ಟಿಯನ್ನು ಅವಳು ಆ ಕಡೆಯಿಂದ ಎತ್ತಿದಳು. ಒಂದು ಬೆರಳು ಕೆಳಗೇ ಹಿಡಿದಿದ್ದಳು. ಅಲ್ಲಲ್ಲ, ಇನ್ನೂ ಸ್ವಲ್ಪ ಮೇಲೆ, ಕಣ್ಣು ಎಲ್ಲಿಟ್ಟೀರಿ ಎಂದು ಬೈದೇಬಿಟ್ಟೆ. ಬೈದ ಮೇಲೆ ನನಗೇ ಗಾಬರಿಯಾಯಿತು. ಅವಳು ನಕ್ಕು ಬೆರಳು ಮೇಲಕ್ಕೆ ಸರಿಸಿದಳು. ಬೋಲ್ಟು ಎಳೆ ಹಿಡಿದು ಸುತ್ತತೊಡಗಿತು.

ಒಂದು ಕಾಲು ಆಯಿತು, ಎರಡಾಯಿತು, ಮೂರಾಯಿತು. ನಡುವೆ ಕೂತು, ಆ ಸಣ್ಣದಕ್ಕೆಂದು ಒಯ್ದು ತಂದಿದ್ದ ಶೇಂಗಾ ಉಂಡಿಯ ಪೊಟ್ಟಣ ಬಿಚ್ಚಿದೆವು. ರುಬೀನಾ ಎರಡು ತಿಂದಳು. ಅವಳ ಮನೆಯ ಕಪಾಟಿನ ಬಾಗಿಲು ಜೋತುಬಿದ್ದು ವರ್ಷವಾಯಿತಂತೆ, ಒಬ್ಬಳೇ ಎತ್ತಿ ಹಿಡಿದು ತಿರುಪು ಹಾಕಲು ಆಗುತ್ತಿಲ್ಲವಂತೆ. ಗಡಿಯಾರ ನೋಡಿ, ಅಯ್ಯೋ ಡ್ಯೂಟಿಗೆ ಹೊತ್ತಾಯಿತು, ಆದರೂ ನಾಲ್ಕನೆಯದನ್ನು ಮುಗಿಸಿಯೇ ಹೋಗುತ್ತೇನೆ ಎಂದು ಎದ್ದು ಪಟ್ಟಿ ಹಿಡಿದಳು.

ನಾನು ಬೋಲ್ಟನ್ನು ತೂರಿಸಿ, ಬೀಳದಿರುವಷ್ಟು ಸುತ್ತು ತಿರುಗಿಸಿ, ಪಾನಾ ಕೆಳಗಿಟ್ಟೆ. ಇದಿನ್ನೂ ಬಿಗಿಯಾಗಿಲ್ಲ, ನಾಳೆ ನೀವು ಎದ್ದ ಮೇಲೆ ಬಂದು ಮತ್ತೆ ಹಿಡಿಯಬೇಕು, ಆಮೇಲೆ ನಿಮ್ಮ ಕಪಾಟು ನಾನು ಹಿಡಿಯುತ್ತೇನೆ ಎಂದು ಹೇಳಿದೆ. ಅವಳು ನಂಬಿ ಹೋದಳು. ಇನ್ನೆರಡು ಸುತ್ತು ಹಾಕಿದ್ದರೆ ಆ ಬೋಲ್ಟು ಅವತ್ತೇ ಬಿಗಿಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋಗಿ, ಹೆಗಲಿನ ಕೀಲಿಗೆ ಬೋಲ್ಟು ಒಂದು ಮನೆಗೆ, ನಟ್ಟು ಇನ್ನೊಂದು ಮನೆಗೆ ಎಂದು ಬರೆದು ಸಹಿ ಹಾಕಿದೆ. ಸಂಜೆ ಬೇಗ ಮನೆಗೆ ಬಂದೆ.